ಮುಳುಗಡೆಯ ಸಾಹಿತ್ಯದಲ್ಲಿ ಹೊಣೆಯ ಪ್ರಶ್ನೆ

ಪ್ರಕೃತಿಗೆ ಒದಗಿದ ಹಾನಿಗೆ ಹೊಣೆಗಾರರು ಯಾರು ಎಂಬ ಚರ್ಚೆ ಇಂದು ರಾಷ್ಟ್ರರಾಷ್ಟ್ರಗಳ ನಡುವಣ ವ್ಯಾಜ್ಯವಾಗಿ ಪರಿಣಮಿಸಿದೆ. ಸರಕನ್ನು ತಯಾರಿಸುವ ದೇಶವು ತನ್ನ ಗಾಳಿಯನ್ನೂ ನೀರನ್ನೂ ತಾನೇ ಕೆಡಿಸಿಕೊಂಡಿತು, ಆದುದರಿಂದ ಪ್ರಾಯಶ್ಚಿತ್ತವೂ ಅದರದೇ ಎಂಬುದು ಒಂದು ಪಕ್ಷ. ಕೊಳ್ಳುವವನಿಲ್ಲದಿದ್ದರೆ ತಯಾರಿಸುವವನೂ ಇರುತ್ತಿರಲಿಲ್ಲ, ಆದುದರಿಂದ ಪಾಪದ ಪಾಲು ಕೊಂಡು ಬಳಸಿದವನದು ಎಂಬುದು ಪ್ರತಿಪಕ್ಷ. 1992ರ ರಿಯೋ ಒಡಂಬಡಿಕೆಯ ಮೇಲೆ ನಿಂತ 1997ರ ಕ್ಯೋಟೋ ಒಪ್ಪಂದವು ಮೊದಲನೆಯ ಪಕ್ಷದ ಲೆಕ್ಕವನ್ನೇ ಅಂಗೀಕರಿಸಿತು: ಹೊಗೆಯು ಯಾವ ದೇಶದ ಗಡಿಯೊಳಗೆ ಎದ್ದಿತೋ ಆ ದೇಶದ ಖಾತೆಗೆ ಅದು ಜಮೆಯಾಗಬೇಕು. 2009ರಲ್ಲಿ ಚೀನಾದ ಪ್ರತಿನಿಧಿಗಳು ಈ ಲೆಕ್ಕವನ್ನು ಪ್ರಶ್ನಿಸಿ, ತಮ್ಮ ನೆಲದಲ್ಲಿ ಏಳುವ ಹೊಗೆಯ ಒಂದು ಭಾಗ ಪರದೇಶದ ಗಿರಾಕಿಗಳಿಗಾಗಿ ಎದ್ದದ್ದು, ಅದರ ಹೊಣೆಯನ್ನು ಆಮದು ಮಾಡಿಕೊಳ್ಳುವವರು ಹೊರಬೇಕು ಎಂದು ವಾದಿಸಿದರು. ಸರಕನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೊತ್ತು ಸಾಗುವ ಹಡಗಿನ ಹೊಗೆಯಂತೂ ಯಾವ ದೇಶದ ಮೊತ್ತಕ್ಕೂ ಸೇರದೆ ಬೇರೊಂದು ಪುಟದಲ್ಲಿ ನಿಂತಿದೆ. ಲೆಕ್ಕಪತ್ರದ ಅಭ್ಯಾಸವುಳ್ಳವರಿಗೆ ಇದು ಹೊಸದಲ್ಲ. ಯಾರ ಖಾತೆಗೂ ಸೇರದ ಬಾಬನ್ನು ತಾತ್ಕಾಲಿಕವಾಗಿ ಒಂದು ಬೇರೆ ಖಾತೆಯಲ್ಲಿಟ್ಟು ವರ್ಷಗಟ್ಟಲೆ ಮರೆತುಬಿಡುವುದು ಎಲ್ಲ ಕಚೇರಿಗಳಲ್ಲೂ ಉಂಟು.

ಈ ವ್ಯಾಜ್ಯ ಅರ್ಥಶಾಸ್ತ್ರಜ್ಞರಿಗೂ ರಾಯಭಾರಿಗಳಿಗೂ ಮೀಸಲಾದುದೆಂದು ಸಾಹಿತ್ಯದ ವಿಮರ್ಶಕರು ದೂರವಿರುವುದು ವಾಡಿಕೆ. ಆದರೆ ಇದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ, ಬೇರೆ ಅಳತೆಯಲ್ಲಿ, ಒಂದು ಕನ್ನಡ ಕಾದಂಬರಿ ಬಹು ಹಿಂದೆಯೇ ಎತ್ತಿದೆ. ನಾ. ಡಿಸೋಜರ 'ದ್ವೀಪ' ಗಾತ್ರದಲ್ಲಿ ಚಿಕ್ಕದು; ಅದನ್ನು ಕುರಿತು ಬಂದಿರುವ ಬರಹಗಳು ಹೆಚ್ಚಾಗಿ ಅದನ್ನು ನಿರಾಶ್ರಿತರ ದುಃಖದ ಕಥೆಯೆಂದು ಕಂಡಿವೆ. ಅದು ದುಃಖದ ಕಥೆ ಹೌದು. ಆದರೆ ದುಃಖಕ್ಕೆ ಕಾರಣನಾದವನು ಕಣ್ಣೆದುರಿಗೆ ಇಲ್ಲದಿರುವಾಗ ಮನುಷ್ಯನು ಏನು ಮಾಡುತ್ತಾನೆ ಎಂಬುದು ಅದರ ಒಳಗಿನ ವಸ್ತು. ಈ ದೃಷ್ಟಿಯಿಂದ ನೋಡಿದರೆ ಕೃತಿಯಲ್ಲಿ ದೋಷವೆಂದು ಹಲವರಿಗೆ ತೋರಿರುವ ಅಂಶವೇ ಅದರ ಬಲವಾಗಿ ಕಾಣುತ್ತದೆ. ಬಲವೆಂದು ಹೊಗಳಲಾದ ಒಂದು ಅಂಶದಲ್ಲಿ ಕೊರತೆ ಕಾಣುತ್ತದೆ.

ಮೊದಲು ಸ್ಥಳದ ವಿಚಾರ. ಶರಾವತಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಹಿರೇಭಾಸ್ಕರದ ಬಳಿ ಒಂದು ಅಣೆಕಟ್ಟು ಬಿದ್ದು, ಜೋಗದ ಕೆಳಗೆ 120 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಎದ್ದಿತು. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. ಬೇಡಿಕೆ ಬೆಳೆಯಿತು. ಅದಕ್ಕಿಂತ ಬಹುಪಾಲು ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ; ಅದು ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ ಇಂದು 1,035 ಮೆಗಾವಾಟ್. ಹೊಸ ಜಲಾಶಯದ ನೀರು ಏರಿದಾಗ ಸಾಗರ, ಹೊಸನಗರ ಸೀಮೆಯ ಹಳ್ಳಿಗಳೊಡನೆ ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೂ ಮುಳುಗಿತು. ಮಳೆ ಕಡಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಇಂದಿಗೂ ತಲೆಯೆತ್ತಿ ಕಾಣುವುದುಂಟು. ಒಂದು ತಲೆಮಾರಿನ ಅಭಿವೃದ್ಧಿಯನ್ನು ಮುಂದಿನ ತಲೆಮಾರಿನ ಅಭಿವೃದ್ಧಿ ಮುಳುಗಿಸಿದ ಈ ನೋಟವನ್ನು ಯಾವ ಕವಿಯೂ ಕಲ್ಪಿಸಬೇಕಾಗಿರಲಿಲ್ಲ. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯ ಪ್ರದೇಶದಲ್ಲಿಯೇ ಸೇವೆ ಸಲ್ಲಿಸಿದವರು. ಮುಳುಗಿಸುವ ಕಚೇರಿಯ ಸಂಬಳವನ್ನು ಪಡೆದು ಮುಳುಗುವವರ ಕಥೆಯನ್ನು ಬರೆದವರು ಎಂದರೆ ಕಟುವಾಗಬಹುದು; ಆದರೆ ಕೃತಿಯ ಸಮತೂಕಕ್ಕೆ ಈ ಎರಡು ಕಡೆಯ ಅನುಭವವೇ ಕಾರಣವೆಂದು ತೋರುತ್ತದೆ. ದಾಖಲೆಯ ಭಾಷೆ ಹೇಗೆ ಕೆಲಸ ಮಾಡುತ್ತದೆಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು.

ಕಥೆಯ ಹಂದರ ಸರಳ. ಹಳ್ಳಿಯ ಇತರರು ಊರು ಬಿಟ್ಟಿದ್ದಾರೆ. ಗಣಪಯ್ಯ, ಅವನ ಹೆಂಡತಿ ನಾಗವೇಣಿ, ಮುದಿ ತಂದೆ ದುಗ್ಗಜ್ಜ, ಈ ಮೂವರು ಉಳಿದಿದ್ದಾರೆ. ಮಳೆ ಹಿಡಿಯುತ್ತದೆ, ನೀರು ಏರುತ್ತದೆ, ಗುಡ್ಡವು ದ್ವೀಪವಾಗುತ್ತದೆ. ನಾಗವೇಣಿಗೆ ತವರಿನ ದಿನಗಳಿಂದ ಪರಿಚಿತನಾದ ಕೃಷ್ಣನು ಅವರಿಗೆ ನೆರವಾಗಲು ಬರುತ್ತಾನೆ. ಗಣಪಯ್ಯನ ಮನಸ್ಸಿನಲ್ಲಿ ಸಂದೇಹ ಮೊಳೆಯುತ್ತದೆ. ಇಲ್ಲಿಂದಾಚೆಗೆ ಮುಳುಗಡೆಯ ಕಥೆ ಸಂಸಾರದ ಕಥೆಯಾಗಿ ತಿರುಗುತ್ತದೆ. ಸಾಮಾಜಿಕವಾದ ಒಂದು ದೊಡ್ಡ ವಸ್ತುವನ್ನು ಕೈಗೆತ್ತಿಕೊಂಡ ಲೇಖಕರು ನಡುವೆ ಗಂಡನ ಮತ್ಸರವೆಂಬ ಹಳೆಯ ಹಾದಿಗೆ ಜಾರಿದರಲ್ಲ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು. ಮೇಲುನೋಟಕ್ಕೆ ಆಕ್ಷೇಪ ಸಾಧುವೇ. ಅಣೆಕಟ್ಟಿನ ವಿಚಾರವಾಗಿ ಆರಂಭವಾದ ಕೃತಿ ಮಲಗುವ ಮನೆಯ ಸಂಶಯದಲ್ಲಿ ಸಿಕ್ಕಿಕೊಳ್ಳುವುದೇಕೆ?

ಆದರೆ ಗಣಪಯ್ಯನ ಕೋಪದ ದಾರಿಯನ್ನು ಹಿಂಬಾಲಿಸಿ ನೋಡಬೇಕು. ಅವನ ನೆಲ ಹೋಗುತ್ತಿದೆ. ಯಾರಿಂದ? ನೀರಿನಿಂದ. ನೀರನ್ನು ನಿಲ್ಲಿಸಿದವರು ಯಾರು? ಕಟ್ಟೆ. ಕಟ್ಟೆಯನ್ನು ಕಟ್ಟಿಸಿದವರು? ಸರಕಾರ. ಸರಕಾರವೆಂದರೆ ಅವನಿಗೆ ಒಂದು ಕಚೇರಿ, ಒಂದು ಕಾಗದ, ಇಂದು ಬಂದು ನಾಳೆ ವರ್ಗವಾಗಿ ಹೋಗುವ ಒಬ್ಬ ಅಧಿಕಾರಿ. ಆ ಅಧಿಕಾರಿಯೂ ಖಳನಲ್ಲ. ತನ್ನ ಮೇಲಿನವರ ಅಪ್ಪಣೆಯನ್ನು ನಡಸುವವನು. ಅವನಾಚೆಗೆ, ಎಷ್ಟೋ ಹರದಾರಿಗಳ ದೂರದಲ್ಲಿ, ಗುಂಡಿಯೊತ್ತಿ ದೀಪ ಹಚ್ಚುವ ನಾಗರಿಕನೊಬ್ಬನಿದ್ದಾನೆಂಬುದು ಗಣಪಯ್ಯನ ಕಲ್ಪನೆಗೇ ಬಾರದು. ಹೀಗೆ ಕೋಪಕ್ಕೆ ವಿಳಾಸವಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯಲ್ಲಿ ಅತ್ತೆಯಾದರೂ ಅದೇ ಮನೆಯಲ್ಲಿದ್ದಾಳೆ. ಇಲ್ಲಿ ಅತ್ತೆ ಯಾರೆಂಬುದೇ ತಿಳಿಯದು. ವಿಳಾಸವಿಲ್ಲದ ಕೋಪವು ಕೈಗೆ ಸಿಕ್ಕವಳ ಮೇಲೆ ಎರಗುತ್ತದೆ. ನೀರು ನಾಲ್ಕು ಕಡೆಯಿಂದ ಮುತ್ತಿದಂತೆಲ್ಲ ಗಣಪಯ್ಯನ ಸಂಶಯವು ನಾಗವೇಣಿಯನ್ನು ಮುತ್ತುತ್ತದೆ. ಮತ್ಸರದ ಪ್ರಸಂಗ ಕಥೆಯ ದಾರಿ ತಪ್ಪಿದ್ದಲ್ಲ. ಹಾನಿ ಮಾಡಿದವನಿಗೂ ಹಾನಿಗೊಳಗಾದವನಿಗೂ ನಡುವಣ ಅಂತರ ಮಿತಿಮೀರಿದಾಗ ಹಾನಿಯ ಲೆಕ್ಕ ಎಲ್ಲಿ ತೀರುತ್ತದೆಂಬುದನ್ನು ಲೇಖಕರು ತೋರಿಸಿರುವ ಬಗೆ ಅದು. ಲೆಕ್ಕ ತೀರುವುದು ಮನೆಯೊಳಗೆ, ಅತ್ಯಂತ ಕಡಮೆ ತಪ್ಪು ಮಾಡಿದವಳ ಮೇಲೆ.

2002ರಲ್ಲಿ ಗಿರೀಶ ಕಾಸರವಳ್ಳಿಯವರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಈ ಎಳೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆದ ಈ ಚಿತ್ರದಲ್ಲಿ ಸೌಂದರ್ಯ ಅವರು ನಾಗವೇಣಿಯಾಗಿದ್ದಾರೆ. ಚಿತ್ರದ ನಡು ನಾಗವೇಣಿಯದು. ಗಂಡನು ಕೈಚೆಲ್ಲಿ ಕುಳಿತಾಗ ಮನೆಯನ್ನೂ ಜೀವವನ್ನೂ ಉಳಿಸುವವಳು ಅವಳು. ಮಳೆ ನಿಂತು ಬೆಳಗಾದಾಗ ಗಣಪಯ್ಯನು ಉಳಿದದ್ದು ದೇವರ ದಯೆಯಿಂದ ಎನ್ನುತ್ತಾನೆ. ನಾಗವೇಣಿಯ ದುಡಿಮೆಗೆ ಅವನ ಲೆಕ್ಕದಲ್ಲಿ ಸ್ಥಾನವಿಲ್ಲ. ಈ ಅಂತ್ಯವನ್ನು ಸ್ತ್ರೀಯ ದುಡಿಮೆಯ ಅವಗಣನೆಯೆಂದು ವ್ಯಾಖ್ಯಾನಿಸುವುದು ಯುಕ್ತವೇ ಆಗಿದೆ. ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು. ಬಂದ ಆಪತ್ತಿಗೆ ದೇಶದ ಪ್ರಗತಿ ಕಾರಣ, ಪಾರಾದುದಕ್ಕೆ ದೈವ ಕಾರಣ. ಎರಡು ಕಡೆಯೂ ಮಾಡಿದವರ ಹೆಸರು ಅಳಿಸಿಹೋಗಿದೆ. ಹೊಣೆಯನ್ನು ಅಳಿಸುವ ಅಭ್ಯಾಸ ಒಮ್ಮೆ ಬೇರೂರಿದರೆ ಅದು ಪುಣ್ಯವನ್ನೂ ಪಾಪವನ್ನೂ ಒಂದೇ ಬಟ್ಟೆಯಿಂದ ಒರಸುತ್ತದೆ. ಇಷ್ಟನ್ನು ಒಂದು ಮಾತಿಲ್ಲದೆ ನಾಗವೇಣಿಯ ಮುಖದಲ್ಲಿ ಕಾಣಿಸಿದ್ದು ನಿರ್ದೇಶಕರ ಹಿರಿಮೆ.

ಇನ್ನು ಕೊರತೆಯ ವಿಚಾರ. ಕಾದಂಬರಿಯಲ್ಲಾಗಲಿ ಚಿತ್ರದಲ್ಲಾಗಲಿ ವಿದ್ಯುತ್ತನ್ನು ಬಳಸುವವನು ಒಂದು ಪಾತ್ರವಾಗಿ ಬರುವುದಿಲ್ಲ. ಕಥೆಯು ದ್ವೀಪಕ್ಕೆ ಕಟ್ಟುಬಿದ್ದಿರುವುದರಿಂದಲೇ ಅದಕ್ಕೆ ಅಷ್ಟು ತೀವ್ರತೆ ಬಂದಿದೆಯೆಂದು ಅದನ್ನು ಮೆಚ್ಚುವುದುಂಟು. ತೀವ್ರತೆ ಬಂದಿದೆ, ನಿಜ. ಆದರೆ ಓದುಗನು ಅತಿ ಸುಲಭವಾಗಿ ಪಾರಾಗುತ್ತಾನೆ. ಬೆಂಗಳೂರಿನಲ್ಲಿ ವಿದ್ಯುದ್ದೀಪದ ಕೆಳಗೆ ಕುಳಿತು ಪುಸ್ತಕವನ್ನು ಓದುವವನು ಗಣಪಯ್ಯನಿಗಾಗಿ ಮರುಗಿ, ಸರಕಾರವನ್ನು ಬೈದು, ದೀಪವನ್ನು ಆರಿಸಿ ಮಲಗಬಹುದು. ಕನ್ನಡ ಕಾದಂಬರಿಯಲ್ಲಿ ಇದು ಹಳೆಯ ರೂಢಿ. ಕಾರಂತರ 'ಬೆಟ್ಟದ ಜೀವ'ದ ಗೋಪಾಲಯ್ಯನು ಕಾಡನ್ನು ಕಡಿದು ತೋಟ ಮಾಡುತ್ತಾನೆ. ಓದುಗನು ಅವನ ಛಲವನ್ನೂ ಸಂಸಾರದ ಕೊರಗನ್ನೂ ಕಾಣುತ್ತಾನೆಯೇ ಹೊರತು, ಆ ಅಡಕೆಯನ್ನು ಜಗಿಯುವ ಬಾಯಿಗಳನ್ನು ಕಾಣುವುದಿಲ್ಲ. ಮಲೆನಾಡಿನ ಸಾಹಿತ್ಯವು ಬೆಳೆಯುವವನನ್ನು ಅಷ್ಟು ಚೆನ್ನಾಗಿ ಬಲ್ಲದು. ಉಣ್ಣುವವನನ್ನು ಬಲ್ಲದು ಎನ್ನಲಾಗದು. ಬಯಲುಸೀಮೆಯ ಪೇಟೆಗಳಿಂದ ಬಂದ ಬರಹಗಾರರಾದರೂ ಆ ಇನ್ನೊಂದು ತುದಿಯನ್ನು ಹಿಡಿಯಬಹುದಾಗಿತ್ತು, ಹಿಡಿಯಲಿಲ್ಲ.

ಹಾಗಾದರೆ ಬಳಸುವವನನ್ನು ಕಟಕಟೆಗೆ ತಂದು ನಿಲ್ಲಿಸಿದರೆ ನ್ಯಾಯ ತೀರುವುದೇ? ಇಲ್ಲಿ ಸಾಹಿತ್ಯದಿಂದ ತುಸು ಹೊರಬಂದು, ಅದೇ ಪಶ್ಚಿಮ ಘಟ್ಟದ ಇನ್ನೊಂದು ಪ್ರಕರಣವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಉಚಿತ. ಶರಾವತಿಯಲ್ಲಿ ಉತ್ಪಾದಕನೂ ಗ್ರಾಹಕನೂ ಒಂದೇ ರಾಜ್ಯದವರು. ಕುದುರೆಮುಖದಲ್ಲಿ ಗ್ರಾಹಕನು ಪರದೇಶದವನು, ಅದೂ ಒಬ್ಬನೇ. ಆದುದರಿಂದ ವಾದವನ್ನು ಪರೀಕ್ಷಿಸಲು ಅದರಷ್ಟು ಅನುಕೂಲವಾದ ದೃಷ್ಟಾಂತ ದೊರೆಯುವುದು ಅಪರೂಪ. 1975ರಲ್ಲಿ ಭಾರತಕ್ಕೂ ಇರಾನಿಗೂ ಒಂದು ಒಪ್ಪಂದವಾಯಿತು. 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರ ಅದಿರನ್ನು ಇರಾನು ಕೊಳ್ಳುವುದು, ಗಣಿಯನ್ನು ಕಟ್ಟಲು 63 ಕೋಟಿ ಡಾಲರುಗಳ ಸಾಲವನ್ನೂ ಅದೇ ಒದಗಿಸುವುದು. 1976ರಲ್ಲಿ ಕಂಪನಿ ಸ್ಥಾಪಿತವಾಯಿತು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಬೆಟ್ಟಸಾಲಿನಲ್ಲಿ, ಮಳೆಯ ವಿಚಾರದಲ್ಲಿ ನಾಡಿಗೇ ಮುಂದಾದ ಕಾಡಿನಲ್ಲಿ, ವರ್ಷಕ್ಕೆ 75 ಲಕ್ಷ ಟನ್ ತೆಗೆಯುವ ಯಂತ್ರಗಳು ಬಂದವು. ಅದಿರಿನ ಹಿಟ್ಟನ್ನು ನೀರಿನಲ್ಲಿ ಕದಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸುವ ಏರ್ಪಾಡಾಯಿತು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟೆ ಎದ್ದಿತು.

ಎಲ್ಲವೂ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆ ಉರುಳಿತು. ಸಾಲದ ಪೂರ್ತಿ ಹಣ ಬರಲಿಲ್ಲ, ಕೊಳ್ಳುವವನು ಕೊಳ್ಳಲಿಲ್ಲ. ಬಳಕೆದಾರನೇ ಹಾನಿಗೆ ಮೂಲವೆಂಬ ವಾದ ಪೂರ್ಣ ಸತ್ಯವಾಗಿದ್ದರೆ ಬೆಟ್ಟವು ಅಂದೇ ಉಳಿಯಬೇಕಾಗಿತ್ತು. ಉಳಿಯಲಿಲ್ಲ. ಹೂಡಿದ ಬಂಡವಾಳವು ಸುಮ್ಮನಿರದು. ಅದಕ್ಕೆ ಬಡ್ಡಿ ಬೆಳೆಯುತ್ತದೆ. ಗಣಿಯು ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿತು, ಮಂಗಳೂರಿನಲ್ಲಿ ಅದಿರಿನ ಉಂಡೆ ಮಾಡುವ ಕಾರ್ಖಾನೆಯನ್ನು ಸ್ಥಾಪಿಸಿತು, ಬೆಟ್ಟವನ್ನು ಕೊರೆಯುತ್ತ ಹೋಯಿತು. ಇಲ್ಲಿ ಬೇಡಿಕೆ ಗಣಿಯನ್ನು ಹುಟ್ಟಿಸಿತು; ಹುಟ್ಟಿದ ಗಣಿ ಮುಂದೆ ತನಗೆ ಬೇಕಾದ ಬೇಡಿಕೆಯನ್ನು ತಾನೇ ಅರಸಿಕೊಂಡಿತು. ಆ ಕಾಡನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಪ್ರಕಟಣೆ 1987ರಲ್ಲಿ ಹೊರಟ ಮೇಲೂ ಗಣಿಗಾರಿಕೆ ನಡೆಯಿತು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಅದನ್ನು ನಿಲ್ಲಿಸಿದ್ದು ಯಾವ ದೇಶದ ಗಿರಾಕಿಯ ಮನಃಪರಿವರ್ತನೆಯೂ ಅಲ್ಲ.

ಹಾಗೆಂದು ಉತ್ಪಾದಿಸುವ ದೇಶವೇ ಹೊಣೆಯೆಂದು ತೀರ್ಮಾನಿಸುವುದೂ ಆತುರವಾದೀತು. ಈ ಶತಮಾನದ ಆರಂಭದಲ್ಲಿ, ಮುಖ್ಯವಾಗಿ ಬೀಜಿಂಗಿನ 2008ರ ಒಲಿಂಪಿಕ್ ಕ್ರೀಡೆಗಳ ಮುಂಚಿನ ವರ್ಷಗಳಲ್ಲಿ, ಚೀನಾದ ಉಕ್ಕಿನ ಕುಲುಮೆಗಳ ಹಸಿವಿಗೆ ಬಳ್ಳಾರಿ, ಸಂಡೂರುಗಳ ಬೆಟ್ಟಗಳು ಕರಗಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ 'ದೇಶ' ಎಂದರೆ ಯಾರು? ಸುತ್ತಿಗೆಯಿಂದ ಅದಿರನ್ನು ಒಡೆದು ಜರಡಿ ಹಿಡಿದ ಕೂಲಿ ಹೆಂಗಸೇ? ಕೆಂಪು ಧೂಳು ಕವಿದು ಬೆಳೆ ಕೈಕೊಟ್ಟ ಹೊಲದ ಒಡೆಯನೇ? 2009ರ ಆಗಸ್ಟಿನವರೆಗೆ ಕಬ್ಬಿಣದ ಅದಿರಿನ ಮೇಲೆ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನವು ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿಯನ್ನು ಮೀರಿರಲಿಲ್ಲ. ಪೇಟೆಯಲ್ಲಿ ಅದೇ ಟನ್ನಿನ ಬೆಲೆ ಸಾವಿರಾರು ರೂಪಾಯಿ. ಆಮೇಲೆ ಬೆಲೆಯ ಶೇಕಡ 10ರಷ್ಟು ಎಂದು ತಿದ್ದುಪಡಿಯಾಯಿತು. ಲೋಕಾಯುಕ್ತರು 2011ರ ಜುಲೈ 27ರಂದು ಸಲ್ಲಿಸಿದ ವರದಿಯಲ್ಲಿ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಮೀರಿದ್ದೆಂದು ಲೆಕ್ಕಹಾಕಲಾಗಿತ್ತು. ಎರಡೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಗ್ಗವಾಗಿ ಕೊಂಡವನು ಇದ್ದಾನೆ. ಆದರೆ ಅಗ್ಗ ಎಂಬುದನ್ನು ಗೊತ್ತುಮಾಡಿದವನು ಅವನಲ್ಲ, ಕೂಲಿಯೂ ಅಲ್ಲ. ಬೆಟ್ಟದ ಬೆಲೆಯನ್ನು ಕಾಗದದ ಮೇಲೆ ಬರೆಯುವ ಅಧಿಕಾರವಿದ್ದವರು ನಡುವೆ ಇದ್ದರು. ಗ್ರಾಹಕ, ಉತ್ಪಾದಕ ಎಂಬ ಎರಡೇ ಕಂಬಸಾಲುಗಳುಳ್ಳ ಪಟ್ಟಿಯಲ್ಲಿ ಅವರ ಹೆಸರಿಗೆ ಜಾಗವಿಲ್ಲ. ರಾಷ್ಟ್ರಗಳ ವ್ಯಾಜ್ಯದಲ್ಲಿ ಕಾಣದಿರುವುದು ಈ ನಡುವಿನವನೇ.

ಈ ನಡುವಿನವನನ್ನು ಕಾಣಲು ಪುಣೆಯ ಕನ್ನಡಿಗನು ಕರ್ನಾಟಕದವರೆಗೆ ಹೋಗಬೇಕಾಗಿಲ್ಲ. ಕ್ಯಾಂಪಿನಿಂದ ಹೊರಟು ಪೌಡ್ ದಾರಿಯನ್ನು ಹಿಡಿದರೆ ಎರಡು ಗಂಟೆಯೊಳಗೆ ಮುಳಶಿಯ ಜಲಾಶಯ ಸಿಗುತ್ತದೆ. ಮಳೆಗಾಲದ ಭಾನುವಾರಗಳಂದು ನಗರವೇ ಅಲ್ಲಿಗೆ ಹರಿದುಹೋಗುವುದನ್ನು ಎಲ್ಲರೂ ಬಲ್ಲರು. ಆ ನೀರಿನ ಕೆಳಗೆ ಮಾವಳ ಸೀಮೆಯ ಹಳ್ಳಿಗಳಿವೆ. ನೀಲಾ, ಮುಳಾ ನದಿಗಳು ಕೂಡುವೆಡೆಯಲ್ಲಿ ಟಾಟಾ ಸಂಸ್ಥೆಯು ಕಟ್ಟಿದ ಅಣೆಕಟ್ಟು ಅದು; ಅಲ್ಲಿಯ ನೀರು ಘಟ್ಟದ ಕೆಳಗೆ ಭಿರಾದಲ್ಲಿ ವಿದ್ಯುತ್ತಾಗಿ ಮುಂಬಯಿಗೆ ಹೋಗುವಂತೆ ಯೋಜಿಸಲಾಗಿತ್ತು. 1921ರ ಏಪ್ರಿಲಿನಲ್ಲಿ ಮಾವಳದ ರೈತರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಸೇನಾಪತಿ ಬಾಪಟರಾದದ್ದು ಈ ಹೋರಾಟದಲ್ಲಿ. ಮೂರು ವರ್ಷಗಳ ಏಳುಬೀಳಿನ ಬಳಿಕ ಅದು ಸೋತಿತು, ಕಟ್ಟೆ ಎದ್ದಿತು. 1894ರ ಭೂಸ್ವಾಧೀನ ಕಾಯಿದೆಯು ಖಾಸಗಿ ಸಂಸ್ಥೆಯೊಂದರ ಕೆಲಸವನ್ನು ಸಾರ್ವಜನಿಕ ಉದ್ದೇಶವೆಂದು ಕರೆಯಲು ಅನುವು ಮಾಡಿಕೊಟ್ಟಿತ್ತು.

ಮುಳಶಿಯನ್ನು ಕುರಿತ ರಾಜೇಂದ್ರ ವೋರಾ ಅವರ ಅಧ್ಯಯನ ಎತ್ತಿ ತೋರಿಸಿರುವ ಒಂದು ಅಂಶ ಪ್ರಕೃತ ವಿಷಯಕ್ಕೆ ಬಹು ಮುಖ್ಯವಾದುದು. ಹೋರಾಟ ಮುರಿದದ್ದಕ್ಕೆ ಕಂಪನಿಯ ಬಲವೊಂದೇ ಕಾರಣವಾಗಿರಲಿಲ್ಲ. ಆ ಹಳ್ಳಿಗಳ ನೆಲದ ಬಹುಭಾಗ ಸಾಲದ ಮೂಲಕ ಸಾಹುಕಾರರ ಕೈಸೇರಿತ್ತು. ಅವರಲ್ಲಿ ಅನೇಕರು ಪುಣೆಯಲ್ಲಿ ವಾಸವಾಗಿದ್ದರು. ನೆಲವನ್ನು ಉತ್ತವನಿಗೆ ನೆಲವೇ ಬೇಕಾಗಿತ್ತು. ನೆಲದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವನಿಗೆ ಒಳ್ಳೆಯ ಪರಿಹಾರ ಸಾಕಾಗಿತ್ತು. ಮುಂಬಯಿಯ ಗಿರಣಿಯ ಬಳಕೆದಾರನಿಗೂ ಮಾವಳದ ಒಕ್ಕಲಿಗನಿಗೂ ನಡುವೆ, ಪುಣೆಯ ಪೇಟೆಯಲ್ಲಿ ಕುಳಿತ ಒಬ್ಬನು ಎರಡು ಕಡೆಯ ಸಂಗತಿಯನ್ನೂ ಬಲ್ಲವನಾಗಿ, ಒಪ್ಪುವ ಅಥವಾ ಒಪ್ಪದಿರುವ ಸ್ವಾತಂತ್ರ್ಯವನ್ನೂ ಉಳ್ಳವನಾಗಿ ಇದ್ದನು. ಒಕ್ಕಲಿಗನಿಗೆ ಸ್ವಾತಂತ್ರ್ಯವಿರಲಿಲ್ಲ. ಗಿರಣಿಯ ಬಟ್ಟೆಯನ್ನು ಕೊಂಡವನಿಗೆ ಸುದ್ದಿಯೇ ಇರಲಿಲ್ಲ. ತಿಳಿವಳಿಕೆಯೂ ಸ್ವಾತಂತ್ರ್ಯವೂ ಒಂದೆಡೆ ಸೇರಿದ್ದು ಈ ನಡುವಿನವನಲ್ಲಿ. ಹೊಣೆಯ ತೂಕವೂ ಅಲ್ಲಿಯೇ ಹೆಚ್ಚು ಬೀಳಬೇಕು. ಇದು ಸಾಹುಕಾರರನ್ನು ಬೈಯುವ ಮಾತಲ್ಲ. ಕಾನೂನಿನ ಕಣ್ಣಿಗೆ ಅವರು ತಮ್ಮ ಸೊತ್ತನ್ನು ತಾವು ಮಾರಿದರು. ಪರಿಹಾರವೆಂಬುದು ಯಾವಾಗಲೂ ದಾಖಲೆಯ ಹಿಂದೆ ಹೋಗುತ್ತದೆ, ನೇಗಿಲಿನ ಹಿಂದೆ ಹೋಗುವುದಿಲ್ಲ. ಸಾಲ ಕೊಡುವ ಸಂಸ್ಥೆಗಳಲ್ಲಿ ದುಡಿಯುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೆಳಕಿನಲ್ಲಿ 'ದ್ವೀಪ'ಕ್ಕೆ ಮರಳಿದರೆ, ಲಿಂಗನಮಕ್ಕಿಯ ನೀರು ನಿಂತದ್ದು ಎಂತಹ ನೆಲದ ಮೇಲೆ ಎಂಬುದು ನೆನಪಾಗುತ್ತದೆ. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಡೆಯರ ವಿರುದ್ಧ ಸತ್ಯಾಗ್ರಹ ಹೂಡಿದ್ದರು. ನೆಲವನ್ನು ಉಳುವವನು ಬೇರೆ, ಕಾಗದದ ಒಡೆಯ ಬೇರೆ ಎಂಬ ವಿವಾದ ಆರದಿದ್ದಾಗಲೇ ಕಟ್ಟೆ ಬಂತು. ಮುಳುಗಡೆಯ ಬಳಿಕ ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಪುನರ್ವಸತಿ ಪಡೆದ ಅನೇಕ ಕುಟುಂಬಗಳಿಗೆ ಆರು ದಶಕ ಕಳೆದರೂ ತಮ್ಮ ನೆಲದ ಹಕ್ಕುಪತ್ರ ಸಿಕ್ಕಿಲ್ಲ. ಅದು ಅರಣ್ಯ ಇಲಾಖೆಯ ನೆಲವೆಂದು ವಾದವಿದೆ. ಕಾಡನ್ನು ಮುಳುಗಿಸಿ ವಿದ್ಯುತ್ತನ್ನು ಪಡೆದ ವ್ಯವಸ್ಥೆಯ ಮುಂದೆ, ಮುಳುಗಿದವನು ಕಾಡಿನ ಒತ್ತುವರಿದಾರನಾಗಿ ನಿಂತಿದ್ದಾನೆ. ಹಾನಿಯ ಹೊಣೆ ಹಾನಿಗೊಳಗಾದವನ ತಲೆಗೇ ಬಂದ ಈ ವಿಪರ್ಯಾಸ ಗಣಪಯ್ಯನು ನಾಗವೇಣಿಯನ್ನು ದೂಷಿಸುವುದಕ್ಕಿಂತ ಬೇರೆಯಲ್ಲ. ಡಿಸೋಜರ ಚಿಕ್ಕ ಸಂಸಾರಚಿತ್ರದೊಳಗೆ ಈ ದೊಡ್ಡ ಚಿತ್ರ ಅಡಗಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಕಾದಂಬರಿಯಲ್ಲಿ ಬಾರದಿದ್ದ ಬಳಕೆದಾರನು ಲೇಖಕರ ಜೀವಿತದಲ್ಲಿಯೇ, ಅವರ ಮುಪ್ಪಿನ ದಿನಗಳಲ್ಲಿ, ಬಾಗಿಲಿಗೆ ಬಂದನು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿನ ಕುಡಿಯುವ ನೀರಿಗಾಗಿ ಒಯ್ಯುವ ಯೋಜನೆ ಪ್ರಸ್ತಾಪಕ್ಕೆ ಬಂತು. ಆ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ವಿರೋಧದ ಮುಂಚೂಣಿಯಲ್ಲಿ ಎಂಬತ್ತು ದಾಟಿದ ಡಿಸೋಜರಿದ್ದರು. ವಿದ್ಯುತ್ತಿನ ವಿಚಾರದಲ್ಲಿ ನಗರದವನು ತನಗೆ ತಿಳಿದಿರಲಿಲ್ಲ ಎನ್ನಬಹುದಾಗಿತ್ತು, ಏಕೆಂದರೆ ತಂತಿಯಲ್ಲಿ ಹರಿಯುವುದಕ್ಕೆ ಊರಿನ ಹೆಸರಿಲ್ಲ. ನೀರಿಗೆ ನದಿಯ ಹೆಸರಿದೆ. ಕಾದಂಬರಿಯೂ ಇದೆ, ಚಿತ್ರವೂ ಇದೆ, ಪತ್ರಿಕೆಗಳ ವರದಿಗಳೂ ಇವೆ. ಇನ್ನು ಮುಂದೆ ಶರಾವತಿಯ ಬಳಕೆದಾರನು ನಿರಪರಾಧಿಯ ಸಾಲಿನಿಂದ ಎದ್ದು ಮುಳಶಿಯ ಆ ನಡುವಿನವನ ಪಕ್ಕದಲ್ಲಿ ಕೂರಬೇಕಾಗುತ್ತದೆ; ತಿಳಿವಳಿಕೆಯೂ ಸ್ವಾತಂತ್ರ್ಯವೂ ಅವನಿಗೆ ಈಗ ಎರಡೂ ಉಂಟು. ಇದು ಮೊದಲಿಲ್ಲದ ಸ್ಥಿತಿ. ಇದನ್ನು ತಂದುಕೊಡುವುದರಲ್ಲಿ ಆ ಚಿಕ್ಕ ಕಾದಂಬರಿಗೂ ಪಾಲಿದೆ. ನಗರದ ತುದಿಯಿಂದ ಕಥೆಯನ್ನು ಹೇಳುವ ಎರಡನೆಯ ಕಾದಂಬರಿಯನ್ನು ಕನ್ನಡದಲ್ಲಿ ಇನ್ನಾರಾದರೂ ಬರೆಯಬೇಕು. ಡಿಸೋಜರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯವಾಗುತ್ತಿತ್ತು.

ಡಿಸೋಜರು 2025ರ ಜನವರಿ 5ರಂದು ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ, ಶರಾವತಿಯ ಹಿನ್ನೀರಿನ ಮೇಲೆ, ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಅದುವರೆಗೆ, ಸುಮಾರು ಅರುವತ್ತು ವರ್ಷ, ಆಚೆ ದಡದ ತುಮರಿ ಸೀಮೆಯ ಜನರು ರೋಗಿಯನ್ನೂ ಬಸುರಿಯನ್ನೂ ಶಾಲೆಯ ಮಕ್ಕಳನ್ನೂ ಲಾಂಚಿನಲ್ಲಿ ದಾಟಿಸಿದರು. ಸಂಜೆ ಲಾಂಚು ನಿಂತ ಮೇಲೆ ಅವರ ಊರು ದ್ವೀಪವೇ. ಸೇತುವೆಗೆ ತಗಲಿದ ನೂರಾರು ಕೋಟಿ ರೂಪಾಯಿ ಹೆದ್ದಾರಿಯ ಬಾಬಿನಲ್ಲಿ ಖರ್ಚಾಗಿದೆ. 1964ರ ವಿದ್ಯುತ್ತಿನ ಬೆಲೆಯನ್ನು ಗೊತ್ತುಮಾಡಿದ ಲೆಕ್ಕದಲ್ಲಿ ಈ ಸೇತುವೆ ಇರಲಿಲ್ಲ.